ಬೇನೆ ತಂದವಳಿಗೇ ಹರಕೆ

1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಬಂತು. ಎರಡು ವರ್ಷ ಹಿಂದೆ ಮುಂಬಯಿಯ ಬಂದರಿನ ಬಳಿಯ ಮಾಂಡ್ವಿಯಲ್ಲಿ ಕಾಣಿಸಿಕೊಂಡಿದ್ದ ಕಾಯಿಲೆ ಪುಣೆಯನ್ನು ಹಿಂಡಿ, ಧಾರವಾಡ ಸೀಮೆಗೆ ಇಳಿದು, ಕೊನೆಗೆ ಮೈಸೂರು ಸಂಸ್ಥಾನದ ಗಡಿ ದಾಟಿತ್ತು. 1891ರ ಜನಗಣತಿಯಲ್ಲಿ ಪೇಟೆಯೂ ದಂಡೂ ಸೇರಿ ಬೆಂಗಳೂರಿನಲ್ಲಿದ್ದವರು 1,80,366 ಮಂದಿ. 1901ರಲ್ಲಿ ಎಣಿಸಿದಾಗ ಸಿಕ್ಕವರು 1,59,046. ಮೈಸೂರು ನಗರದಲ್ಲಿ 74,048 ಇದ್ದದ್ದು 68,111ಕ್ಕೆ ಇಳಿದಿತ್ತು. ಬೆಳೆಯಬೇಕಿದ್ದ ಎರಡು ಊರುಗಳು ಹತ್ತು ವರ್ಷದಲ್ಲಿ ಕುಗ್ಗಿದ್ದವು. ಸತ್ತವರ ಜೊತೆಗೆ ಹೆದರಿ ಊರು ಬಿಟ್ಟವರೂ ಆ ಲೆಕ್ಕದಲ್ಲಿದ್ದಾರೆ.

ಆ ದಿನಗಳಲ್ಲಿ ಮತ್ತು ಮುಂದಿನ ವರ್ಷಗಳಲ್ಲಿ ಬೆಂಗಳೂರಿನ ಓಣಿಗಳಲ್ಲೂ ಸುತ್ತಲ ಹಳ್ಳಿಗಳ ಅಂಚಿನಲ್ಲೂ ಹೊಸ ಗುಡಿಗಳು ಎದ್ದವು. ಒಳಗೆ ಕೂತವಳು ಪ್ಲೇಗಮ್ಮ. ಕೆಲವರ ಬಾಯಲ್ಲಿ ಪಿಳೇಗಮ್ಮ, ಇನ್ನು ಕೆಲವೆಡೆ ಪ್ಲೇಗು ಮಾರಮ್ಮ. ಬೆಂಗಳೂರಿನ ತ್ಯಾಗರಾಜನಗರದಲ್ಲಿ ಆ ಹೆಸರಿನ ಗುಡಿಗೆ ಇಂದಿಗೂ ಪೂಜೆ ನಡೆಯುತ್ತದೆ. ಮನೆಯ ಮಗುವನ್ನು ನಾಲ್ಕೇ ದಿನದಲ್ಲಿ ಕೊಂಡೊಯ್ದ ಬೇನೆಯ ಹೆಸರನ್ನೇ ದೇವರಿಗಿಟ್ಟು, ಆ ದೇವರನ್ನು ಅಮ್ಮ ಎಂದು ಕರೆದು, ಅರಿಸಿನ ಕುಂಕುಮ ಹಚ್ಚಿ, ಬೇವಿನ ಸೊಪ್ಪು ಕಟ್ಟಿ, ಮೊಸರನ್ನದ ಎಡೆ ಇಟ್ಟ ಜನ ಏನನ್ನು ನಂಬಿದ್ದರು?

ದೇವರು ಒಳ್ಳೆಯವನಾದರೆ ಲೋಕದಲ್ಲಿ ಇಷ್ಟು ಸಂಕಟ ಏಕೆ ಎಂಬ ಪ್ರಶ್ನೆ ದೇವರನ್ನು ನಂಬಿದವರನ್ನೆಲ್ಲ ಕಾಡಿದೆ. ಪಂಡಿತರು ಅದಕ್ಕೆ ಗ್ರಂಥಗಳಲ್ಲಿ ಉತ್ತರ ಬರೆದರು. ಪ್ಲೇಗಮ್ಮನ ಗುಡಿ ಕಟ್ಟಿದವರು ಏನನ್ನೂ ಬರೆದಿಡಲಿಲ್ಲ. ಅವರ ಉತ್ತರವನ್ನು ಅವರು ನಡೆದುಕೊಂಡ ರೀತಿಯಲ್ಲಿ ಹುಡುಕಬೇಕು. ಬರೀ ಮೂಢನಂಬಿಕೆ ಎಂದು ಅದನ್ನು ತಳ್ಳಿಬಿಟ್ಟರೆ, ನೂರಾರು ವರ್ಷ ಸಾವನ್ನು ಮಗ್ಗುಲಲ್ಲೇ ಇಟ್ಟುಕೊಂಡು ಬಾಳಿದ ಜನರ ಒಂದು ಆಳವಾದ ಯೋಚನೆ ಕೈತಪ್ಪಿಹೋಗುತ್ತದೆ.

ಮೊದಲು ಗ್ರಂಥದ ಉತ್ತರ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬಾದರಾಯಣರು ಈ ಆಕ್ಷೇಪವನ್ನು ನೇರವಾಗಿ ಎತ್ತಿಕೊಳ್ಳುತ್ತಾರೆ. ಒಬ್ಬನಿಗೆ ಸುಖವನ್ನೂ ಇನ್ನೊಬ್ಬನಿಗೆ ದುಃಖವನ್ನೂ ಕೊಡುವ ಈಶ್ವರ ಪಕ್ಷಪಾತಿಯಲ್ಲವೇ, ನಿರ್ದಯನಲ್ಲವೇ? ಭಾಷ್ಯ ಬರೆದ ಶಂಕರರು ಮಳೆಯ ದೃಷ್ಟಾಂತ ಕೊಡುತ್ತಾರೆ. ಮಳೆ ಎಲ್ಲ ಬೀಜಕ್ಕೂ ಒಂದೇ. ಪೈರು ಬೇರೆ ಬೇರೆಯಾಗುವುದು ಬೀಜದ ಗುಣದಿಂದ. ಹಾಗೆಯೇ ಈಶ್ವರ ಎಲ್ಲರಿಗೂ ಸಮ, ಪಾಡು ಬೇರೆಯಾಗುವುದು ಅವರವರ ಕರ್ಮದಿಂದ. ಹಾಗಾದರೆ ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು ಎಂದರೆ, ಸಂಸಾರಕ್ಕೆ ಆದಿಯೇ ಇಲ್ಲ ಎಂಬುದು ಸೂತ್ರದ ಮುಂದಿನ ಹೆಜ್ಜೆ. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಇನ್ನೂ ಕಠಿಣವಾದ ಮಾತು ಹೇಳಿದರು. ಜೀವರ ಸ್ವಭಾವದಲ್ಲೇ ತಾರತಮ್ಯವಿದೆ: ಮುಕ್ತಿಗೆ ಯೋಗ್ಯರು, ಸದಾ ಸಂಸಾರದಲ್ಲಿ ಸುತ್ತುವವರು, ತಮಸ್ಸಿಗೆ ಸೇರುವವರು. ಒಳಗಿರುವ ಸ್ವಭಾವವನ್ನು ಹರಿ ಹೊರಗೆ ತರುತ್ತಾನೆ, ಕೆಡುಕನ್ನು ಹೊಸದಾಗಿ ಹುಟ್ಟಿಸುವುದಿಲ್ಲ.

ಎರಡೂ ಗಟ್ಟಿಯಾದ ವಾದಗಳು. ಕರ್ಮದ ಮಾತು ಓಣಿಗೂ ಇಳಿದಿತ್ತು. ಹಣೆಬರಹ, ಪಡೆದು ಬಂದದ್ದು, ಋಣ ತೀರಿತು ಎಂದು ಹೇಳದ ಮನೆ ಇರಲಿಲ್ಲ. ಆದರೆ ಕಂಕುಳಲ್ಲಿ ಗಡ್ಡೆ ಎದ್ದು ನರಳುವ ಮೂರು ವರ್ಷದ ಕೂಸಿನ ಮುಂದೆ ಕೂತ ತಾಯಿಗೆ ಈ ವಾದ ಕೊಡುವ ಕೆಲಸ ಒಂದೇ, ಸಹಿಸುವುದು. ಅಮ್ಮನ ಗುಡಿ ಅವಳಿಗೆ ಬೇರೆ ಕೆಲಸ ಕೊಟ್ಟಿತು.

ಆ ಗುಡಿಯ ದಾರಿ ಪ್ಲೇಗಿಗಿಂತ ಬಹಳ ಹಳೆಯದು. ಸಿಡುಬು ಎದ್ದ ಮನೆಯಲ್ಲಿ ‘ಅಮ್ಮ ಬಂದಿದಾಳೆ’ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆಂದರೆ ಹೊರಗಿನವರು ಒಳಗೆ ಬರುವಂತಿಲ್ಲ. ಒಲೆಯ ಮೇಲೆ ಒಗ್ಗರಣೆ ಸಿಡಿಯುವಂತಿಲ್ಲ. ಮಲಗಿದವರಿಗೆ ಮಜ್ಜಿಗೆ, ಎಳನೀರು. ನವೆಯಾದರೆ ಬೇವಿನ ಎಲೆಯಿಂದ ಸವರುವುದು. ಅಮ್ಮ ಇಳಿದ ಮೇಲೆ ತಲೆಗೆ ನೀರು ಹಾಕಿ, ಗುಡಿಗೆ ತಂಬಿಟ್ಟಿನ ಆರತಿ, ಮೊಸರನ್ನದ ತಂಪು. ಅಷ್ಟು ದಿನ ರೋಗಿಯ ಮೈಯೇ ದೇವಿಯ ಮೈ. ಆ ಮಗುವಿನ ಮೇಲೆ ಸಿಡುಕುವಂತಿಲ್ಲ, ಅಸಹ್ಯಪಡುವಂತಿಲ್ಲ. ಕೀವು ಒಸರುವ ಮೈಯ ಮುಂದೆ ಕೈ ಮುಗಿಯಬೇಕು. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ನರಳುತ್ತಿರುವವನನ್ನೇ ಅಪರಾಧಿಯ ಜಾಗದಲ್ಲಿ ನಿಲ್ಲಿಸುತ್ತದೆ. ಅಮ್ಮ ಬಂದಿದಾಳೆ ಎಂಬ ಮಾತು ಅವನಿಗೆ ಆ ಅವಮಾನ ಮಾಡುವುದಿಲ್ಲ. ಮದ್ದೇ ಇಲ್ಲದಿದ್ದ ಕಾಲದಲ್ಲಿ ಇದು ಸಣ್ಣ ಕರುಣೆಯಾಗಿರಲಿಲ್ಲ.

ಬೆಂಗಳೂರಿನ ಗ್ರಾಮದೇವತೆ ಅಣ್ಣಮ್ಮನ ಗುಡಿಯಲ್ಲಿ ಇಂಥ ಅಕ್ಕತಂಗಿಯರ ಸಾಲೇ ಇತ್ತು. 1899ರಿಂದ 1922ರವರೆಗೆ ಮದ್ರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ ದಕ್ಷಿಣದ ಹಳ್ಳಿಗಳನ್ನು ಸುತ್ತಿ 1916ರಲ್ಲಿ ಗ್ರಾಮದೇವತೆಗಳ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಅಣ್ಣಮ್ಮನ ಜೊತೆಗಿರುವ ದೇವಿಯರನ್ನೂ ಅವರು ದಾಖಲಿಸಿದ್ದಾರೆ. ಕಾಲರಾಕ್ಕೆ ಮಾರಮ್ಮ, ಕೆಮ್ಮಿಗೆ ಕೊಕ್ಕಲಮ್ಮ, ಸಿಡುಬು ದಡಾರಗಳಿಗೆ ಸುಖಜಮ್ಮ. ಒಂದೊಂದು ಬೇನೆಗೂ ಒಬ್ಬೊಬ್ಬ ಅಮ್ಮ ಇದ್ದ ಊರಿನಲ್ಲಿ ಪ್ಲೇಗು ಎಂಬ ಹೊಸ ಬೇನೆ ಬಂದಾಗ ಅದಕ್ಕೂ ಒಬ್ಬಳು ಅಮ್ಮ ಹುಟ್ಟಿದ್ದು ಸಹಜವಾಗಿಯೇ ಇತ್ತು. ಬೇನೆ ತರುವವಳೂ ಅವಳೇ, ತೆಗೆಯುವವಳೂ ಅವಳೇ. ಒಳ್ಳೆಯದಕ್ಕೆ ಒಬ್ಬ ದೇವರು, ಕೆಟ್ಟದ್ದಕ್ಕೆ ಒಬ್ಬ ಸೈತಾನ ಎಂಬ ಹಂಚಿಕೆ ಇಲ್ಲಿ ಕಾಣುವುದಿಲ್ಲ. ಅವಳ ಸಿಟ್ಟಿಗೆ ಕಾರಣವಿರುತ್ತದೆ, ಅದನ್ನು ಕೇಳಿ ತಿಳಿಯಬಹುದು, ತಣಿಸಬಹುದು. ಮೈಮೇಲೆ ದೇವರು ಬಂದವರ ಎದುರು ನಿಂತು ಊರಿನ ಹಿರಿಯರು ‘ನಾವೇನು ತಪ್ಪು ಮಾಡಿದೆವು, ಯಾಕೆ ಹೀಗೆ ಮಾಡಿದೆ’ ಎಂದು ಗದರಿ ಕೇಳುವ ವಾಡಿಕೆ ಇಂದಿಗೂ ಇದೆ. ಮಾತಿಗೆ ತಪ್ಪಿದರೆ ದೇವಿಯನ್ನು ಬೈಯುವುದೂ ಉಂಟು.

ಬೈದು, ಬೇಡಿ, ಉಣಿಸಿದ ಮೇಲೆ ಕಳಿಸಿಕೊಡುವುದೂ ಉಂಟು. ಕಾಲರಾ ಬಂದಾಗ ಮಾರಿಯ ಮರದ ಬೊಂಬೆಯನ್ನು ಸಣ್ಣ ಬಂಡಿಯ ಮೇಲೆ ಕೂರಿಸಿ, ಪೂಜೆ ಮಾಡಿ, ತಮಟೆ ಬಡಿಯುತ್ತ ಊರ ಗಡಿ ದಾಟಿಸಿ ಬರುತ್ತಿದ್ದರು. ಆಚೆಯ ಊರಿನವರು ತಮ್ಮ ಸರದಿಯ ಪೂಜೆ ಮುಗಿಸಿ ಮುಂದಿನ ಗಡಿಗೆ ಸಾಗಿಸುತ್ತಿದ್ದರು. ನಮ್ಮ ಸಂಕಟವನ್ನು ನೆರೆಯವರ ಬಾಗಿಲಿಗೆ ಬಿಟ್ಟು ಬರುವ ಈ ಪದ್ಧತಿಯನ್ನು ಮೆಚ್ಚಲಾಗದು. ಆದರೆ ದೇವರ ಚಿತ್ತವೆಂದು ಸುಮ್ಮನೆ ಕೂತ ಜನರ ಕೆಲಸ ಇದು ಎಂದೂ ಹೇಳಲಾಗದು.

ಈ ಬಿಷಪ್ ವೈಟ್‌ಹೆಡ್ ಅವರ ತಮ್ಮ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್, ಗಣಿತದಿಂದ ತತ್ತ್ವಶಾಸ್ತ್ರಕ್ಕೆ ಬಂದವರು. ದೇವರು ಸರ್ವಶಕ್ತನೂ ಪರಮ ಕರುಣಾಳುವೂ ಆಗಿದ್ದರೆ ಕೆಡುಕು ಹೇಗೆ ಉಳಿಯಿತು ಎಂಬ ಗಂಟನ್ನು ಅವರು ಸರ್ವಶಕ್ತಿ ಎಂಬ ಎಳೆಯ ಕಡೆಯಿಂದ ಬಿಚ್ಚಲು ನೋಡಿದರು. 1929ರಲ್ಲಿ ಪ್ರಕಟವಾದ ಅವರ ಮುಖ್ಯ ಗ್ರಂಥದಲ್ಲಿ ದೇವರು ಲೋಕವನ್ನು ಬಲವಂತದಿಂದ ನಡೆಸುವ ಅರಸನಲ್ಲ, ಒಲಿಸಿ ಒಳಿತಿನ ಕಡೆಗೆ ಸೆಳೆಯುವವನು, ಲೋಕದ ನೋವಿನಲ್ಲಿ ಪಾಲು ಪಡೆಯುವವನು. ಅಣ್ಣ ದಕ್ಷಿಣದ ಊರ ಗಡಿಗಳಲ್ಲಿ ಕಂಡ ದೇವಿಯರಿಗೂ ತಮ್ಮನ ತತ್ತ್ವಕ್ಕೂ ನೇರ ಕೊಡುಕೊಳ್ಳುವಿಕೆ ಇತ್ತೆಂದು ಇಲ್ಲಿ ಹೇಳುತ್ತಿಲ್ಲ. ಒಂದೇ ಗಂಟಿಗೆ ಎರಡು ಲೋಕಗಳು ಕೈ ಹಾಕಿದ್ದವು, ಎರಡನ್ನೂ ಹತ್ತಿರದಿಂದ ಕಂಡ ಮನೆತನ ಒಂದೇ ಆಗಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಮಾರಿಯ ಸಿಟ್ಟು ಎಲ್ಲಿಂದ ಬಂತು? ಅದಕ್ಕೆ ಹಳ್ಳಿಗಳಲ್ಲಿ ಹಲವು ರೂಪಗಳಲ್ಲಿ ಹರಿದಾಡುವ ಕತೆಯೊಂದಿದೆ. ಬ್ರಾಹ್ಮಣರ ಹುಡುಗಿಯೊಬ್ಬಳನ್ನು ಕೇರಿಯ ಯುವಕನೊಬ್ಬ ಜಾತಿ ಮರೆಸಿ ಮದುವೆಯಾದ, ಮಕ್ಕಳಾದವು, ನಿಜ ತಿಳಿದ ದಿನ ಅವಳು ಬೆಂಕಿಗೆ ಬಿದ್ದಳು, ಉರಿಯಿಂದ ಮಾರಿಯಾಗಿ ಎದ್ದಳು, ಅವನು ಕೋಣನಾದ. ಮಾರಿಹಬ್ಬದ ಕೋಣನ ಬಲಿಗೆ ಈ ಕತೆಯನ್ನು ಸಮರ್ಥನೆಯಾಗಿ ಹೇಳುತ್ತಿದ್ದರು. ಒಂದು ಕಡೆಯಿಂದ ನೋಡಿದರೆ ಇಲ್ಲಿ ಬೇನೆಯ ಬೇರು ಹೆಣ್ಣಿಗೆ ಆದ ಅನ್ಯಾಯ. ತೀರದ ಅನ್ಯಾಯ ಊರಿಗೆಲ್ಲ ಉರಿಯಾಗಿ ಹಬ್ಬುತ್ತದೆ ಎಂಬ ತಿಳಿವು ಅದರಲ್ಲಿದೆ. ಇನ್ನೊಂದು ಕಡೆಯಿಂದ ಅದೇ ಕತೆ ಊರಿನ ಎಲ್ಲ ಸಾವುನೋವಿನ ತಪ್ಪನ್ನು ಕೇರಿಯ ಒಬ್ಬ ಗಂಡಸಿನ ಮೇಲೆ ಹೊರಿಸಿ, ಪ್ರತಿ ಹಬ್ಬದಲ್ಲೂ ಅವನನ್ನು ಮತ್ತೆ ಕೊಲ್ಲುತ್ತದೆ. ದಲಿತ ಚಿಂತಕರು ಈ ಕತೆಯನ್ನು ಬಿಚ್ಚಿ ಪ್ರಶ್ನಿಸಿರುವುದು ನ್ಯಾಯವಾಗಿಯೇ ಇದೆ. ಸಂಕಟಕ್ಕೆ ಕಾರಣ ಹುಡುಕುವ ಕೈ ಬಹಳ ಸಲ ಎಲ್ಲರಿಗಿಂತ ಕೆಳಗೆ ತಳ್ಳಲ್ಪಟ್ಟವನ ಕೊರಳನ್ನೇ ಹಿಡಿಯುತ್ತದೆ.

ಅಮ್ಮನನ್ನು ನಂಬಿದ ಜನ ಮದ್ದಿಗೆ ಎದುರಾಗಿದ್ದರೇ? ಪ್ಲೇಗಿಗೆ ನೂರು ವರ್ಷ ಹಿಂದಿನ ಸಿಡುಬಿನ ಚರಿತ್ರೆ ಹಾಗೆ ಹೇಳುವುದಿಲ್ಲ. ಸಿಡುಬಿಗೆ ಗೋಸಿಡುಬಿನ ಲಸಿಕೆ ಇಂಡಿಯಾಕ್ಕೆ ಬಂದದ್ದು 1802ರಲ್ಲಿ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ 1803–04ರಲ್ಲೇ 25 ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದ್ದಾಗಿ ಲೆಕ್ಕ ಒಪ್ಪಿಸಿದರು. ಅದೇ ಕಾಲದಲ್ಲಿ ಬಾಲಕ ಅರಸು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡರು. ಥಾಮಸ್ ಹಿಕ್ಕಿ ಬಿಡಿಸಿದ ಅರಮನೆಯ ಹೆಂಗಸರ ಚಿತ್ರವೊಂದು ಅದರ ಪ್ರಚಾರಕ್ಕೇ ಬರೆಸಿದ್ದು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಹೆದರಿ ಮಕ್ಕಳನ್ನು ಬಚ್ಚಿಟ್ಟವರು ಇದ್ದರು, ಲಸಿಕೆಯೂ ದೇವಿಯ ಪ್ರಸಾದವೇ ಎಂದು ತೋಳು ಚಾಚಿದವರೂ ಇದ್ದರು. ದಾಕು ಹಾಕುವವನು ಊರಿಗೆ ಬಂದು ಹೋದ ಮೇಲೂ ಗುಡಿಯ ತಂಪು ನಿಲ್ಲಲಿಲ್ಲ.

1898ರಲ್ಲಿ ಪರಿಸ್ಥಿತಿ ಇನ್ನೂ ತೊಡಕಾಗಿತ್ತು. ಆಗ ಮದ್ದು ಕೊಡುವವರಿಗೂ ದಾರಿ ಸ್ಪಷ್ಟವಿರಲಿಲ್ಲ. ಪ್ಲೇಗಿನ ಕ್ರಿಮಿಯನ್ನು ಹಾಂಗ್‌ಕಾಂಗ್‌ನಲ್ಲಿ ಯೆರ್ಸಾ ಎಂಬ ವಿಜ್ಞಾನಿ ಗುರುತಿಸಿ ನಾಲ್ಕು ವರ್ಷವಾಗಿತ್ತು. ಆದರೆ ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಚಿಗಟದ ಮೂಲಕ ಎಂದು ಪಾಲ್ ಲೂಯಿ ಸೀಮೋಂ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ, ಮತ್ತು ಬಹುಪಾಲು ತಜ್ಞರು ಅದನ್ನು ನಂಬಲಿಲ್ಲ. ಅದು ಒಪ್ಪಿತವಾಗಲು ಇನ್ನೂ ಏಳೆಂಟು ವರ್ಷ ಹಿಡಿಯಿತು. ಹೀಗಾಗಿ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಸರ್ಕಾರಗಳು ಬೇಟೆಯಾಡಿದ್ದು ಮನುಷ್ಯರನ್ನು. ರೈಲು ನಿಲ್ದಾಣಗಳಲ್ಲಿ ತಪಾಸಣೆ, ಮನೆ ಮನೆಗೆ ನುಗ್ಗಿ ಹುಡುಕಾಟ, ರೋಗಿಯನ್ನು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ, ಮನೆಯವರನ್ನು ಬೇರ್ಪಡಿಕೆಯ ಕ್ಯಾಂಪಿಗೆ. ಪುಣೆಯಲ್ಲಿ ಈ ಬಲವಂತ ಪ್ಲೇಗು ಅಧಿಕಾರಿ ರ‍್ಯಾಂಡ್ ಅವರ ಕೊಲೆಗೆ ದಾರಿಯಾಯಿತು. ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರ್ ಆಗಿ ನೇಮಿಸಿತು. ಇಲ್ಲೂ ಜನರ ಸಹನೆ ಕಟ್ಟೆಯೊಡೆದದ್ದುಂಟು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆಯಾಯಿತು.

ಹಳ್ಳಿಯವರು ಕಾಯ್ದೆಗೆ ಕಾಯದೆ ಮಾಡಿದ ಕೆಲಸವೊಂದಿತ್ತು. ‘ಇಲಿ ಬಿದ್ದವು’ ಎಂಬ ಸುದ್ದಿ ಹಬ್ಬಿದ ಕೂಡಲೇ ಮನೆಗೆ ಬೀಗ ಹಾಕಿ, ದನಕರು, ಪಾತ್ರೆ, ಕಾಳು ಕಟ್ಟಿಕೊಂಡು ಹೊಲತೋಟಗಳಲ್ಲಿ ಗುಡಿಸಲು ಹಾಕುತ್ತಿದ್ದರು. ತಿಂಗಳುಗಟ್ಟಲೆ ಅಲ್ಲೇ ಅಡಿಗೆ, ಅಲ್ಲೇ ಬಾಣಂತನ. ಹೊರಡುವ ಮುನ್ನ ಅಮ್ಮನಿಗೆ ಹರಕೆ ಹೊರುತ್ತಿದ್ದರು, ಊರಿಗೆ ಮರಳುವ ಮುನ್ನ ಅವಳ ಅಪ್ಪಣೆ ಕೇಳುತ್ತಿದ್ದರು. ಇಲಿ ಸತ್ತ ಮನೆಯಿಂದ ದೂರ ಹೋಗುವುದೇ ಚಿಗಟದಿಂದ ತಪ್ಪಿಸಿಕೊಳ್ಳುವ ಸರಿಯಾದ ದಾರಿ ಎಂಬುದು ನಂತರ ವಿಜ್ಞಾನಕ್ಕೆ ಖಾತ್ರಿಯಾಯಿತು. ದೇವಿಯನ್ನು ನಂಬಿದ್ದು ಅವರ ಕಣ್ಣನ್ನು ಕುರುಡು ಮಾಡಿರಲಿಲ್ಲ. ಹಾಫ್‌ಕಿನ್ ಎಂಬ ವಿಜ್ಞಾನಿ ಸಿದ್ಧಪಡಿಸಿದ ಪ್ಲೇಗು ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರ ಸಾವಿರ ಜನ ಹಾಕಿಸಿಕೊಂಡರು. ಸೂಜಿ ಚುಚ್ಚಿಸಿಕೊಂಡ ಕೈಯಲ್ಲೇ ತೆಂಗಿನಕಾಯಿ ಒಡೆಯುವುದರಲ್ಲಿ ಅವರಿಗೆ ವಿರೋಧ ಕಾಣಲಿಲ್ಲ.

ಸರ್ಕಾರದ ಪ್ಲೇಗು ಕ್ಯಾಂಪುಗಳಲ್ಲಿ ದುಡಿದವರಲ್ಲಿ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. ಡಾ. ಪದ್ಮನಾಭನ್ ಪಲ್ಪು ತಿರುವಾಂಕೂರಿನವರು. ಮದ್ರಾಸಿನಲ್ಲಿ ವೈದ್ಯ ಪದವಿ ಪಡೆದರೂ, ಈಳವ ಜಾತಿಯವರೆಂಬ ಕಾರಣಕ್ಕೆ ಹುಟ್ಟಿದ ಸಂಸ್ಥಾನದಲ್ಲಿ ಅವರಿಗೆ ಸರ್ಕಾರಿ ಕೆಲಸ ಸಿಗಲಿಲ್ಲ. ಮೈಸೂರು ಸಂಸ್ಥಾನ ಕೆಲಸ ಕೊಟ್ಟಿತು. ಬೆಂಗಳೂರಿನಲ್ಲಿ ಜನ ಊರು ಬಿಟ್ಟು ಓಡುತ್ತಿದ್ದಾಗ ಅವರು ಪ್ಲೇಗು ರೋಗಿಗಳ ನಡುವೆ ನಿಂತರು. ಮುಂದೆ ನಾರಾಯಣ ಗುರುಗಳ ಜೊತೆ ಸೇರಿ 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಕಟ್ಟುವುದರಲ್ಲಿ ಮುಂದಾಳಾದರು. ಚಿಗಟ ತಂದ ಸಾವು ಒಂದು ಬಗೆಯ ಕೆಡುಕು. ಓದಿದ ವೈದ್ಯನನ್ನು ಜಾತಿ ಕೇಳಿ ಬಾಗಿಲಾಚೆ ನಿಲ್ಲಿಸುವುದು ಇನ್ನೊಂದು ಬಗೆ. ಎರಡನೆಯದನ್ನು ಯಾವ ದೇವಿಯ ಸಿಟ್ಟಿನ ಲೆಕ್ಕಕ್ಕೂ ಬರೆಯಲಾಗದು. ಅದು ಪೂರಾ ಮನುಷ್ಯರದು, ಅದಕ್ಕೆ ಲಸಿಕೆ ಹುಡುಕುವ ಹೊಣೆಯೂ ಅವರದೇ ಎಂದು ಪಲ್ಪು ತಿಳಿದಿದ್ದರು.

ಪ್ಲೇಗು ಒಮ್ಮೆ ಬಂದು ಹೋಗಲಿಲ್ಲ. 1896ರಿಂದಾಚೆ ಸುಮಾರು ಕಾಲು ಶತಮಾನದಲ್ಲಿ ಇಂಡಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಅದಕ್ಕೆ ಬಲಿಯಾದರು. ಅದರ ಗುರುತು ಬೆಂಗಳೂರಿನ ನಕ್ಷೆಯ ಮೇಲೇ ಉಳಿದಿದೆ. ಗಾಳಿ ಬೆಳಕಿನ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡದ್ದು ಆಮೇಲೆ. ದಂಡಿನ ಕಡೆ ಫ್ರೇಜರ್ ಟೌನನ್ನು ಇಲಿ ನುಸುಳದಂಥ ಮನೆಗಳ ಮಾದರಿಯಾಗಿ ಯೋಜಿಸಿದರು. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆಯಿತು.

ಕನ್ನಡದ ಮನಸ್ಸಿನಲ್ಲಿ ಉಳಿದ ಗುರುತು ಇನ್ನೂ ಆಳ. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿ ‘ಸಂಸ್ಕಾರ’ದಲ್ಲಿ ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ತಂದು ಸಾಯುತ್ತಾನೆ. ಆಚಾರ ಬಿಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಅಗ್ರಹಾರ ತಡಕಾಡುತ್ತದೆ. ಅಲ್ಲಿನ ಪಂಡಿತ ಪ್ರಾಣೇಶಾಚಾರ್ಯರು ಧರ್ಮಶಾಸ್ತ್ರದ ಗ್ರಂಥಗಳನ್ನು ತಿರುವಿ ಉತ್ತರ ಕಾಣದೆ ಮಾರುತಿಯ ಎದುರು ಪ್ರಸಾದಕ್ಕಾಗಿ ಕಾದು ಕೂರುತ್ತಾರೆ. ಮಾರುತಿ ಹೂ ಕೊಡುವುದಿಲ್ಲ. ಅತ್ತ ಮನೆಮನೆಯಲ್ಲಿ ಇಲಿಗಳು ಬೀಳುತ್ತಿವೆ, ಕೇರಿಯಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಡುತ್ತಿದ್ದಾರೆ. ಸಂಸ್ಕಾರವಿಲ್ಲದೆ ಬಿದ್ದ ಹೆಣದಿಂದಲೇ ಈ ಅನಿಷ್ಟ ಎಂದು ಅಗ್ರಹಾರದವರು ನಂಬುತ್ತಾರೆ. ಸಂಕಟವನ್ನು ಪಾಪದ ಫಲವೆಂದು ಓದಲು ಹೊರಟವರಿಗೆ ಕಣ್ಣೆದುರಿನ ಇಲಿ ಕಾಣದೆ ಹೋಗುವ ಭಯಂಕರ ಚಿತ್ರ ಅದು. ಹೊಲದಲ್ಲಿ ಗುಡಿಸಲು ಹಾಕಿದ ಹಳ್ಳಿಗರು ಇಲಿಯನ್ನು ನೋಡಿದ್ದರು ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

ಸಿಡುಬು ಲೋಕದಿಂದಲೇ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಮಾರಿಹಬ್ಬಗಳು ನಿಲ್ಲಲಿಲ್ಲ, ಅಮ್ಮನ ಕೆಲಸವೂ ಮುಗಿಯಲಿಲ್ಲ. 1997ರ ಡಿಸೆಂಬರ್ 1ರಂದು, ವಿಶ್ವ ಏಡ್ಸ್ ದಿನ, ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಶಾಲೆಯ ವಿಜ್ಞಾನ ಮೇಷ್ಟ್ರೊಬ್ಬರು ‘ಏಡ್ಸಮ್ಮ’ನನ್ನು ಪ್ರತಿಷ್ಠಾಪಿಸಿದರು. ರೋಗ ವಾಸಿ ಮಾಡು ಎಂದು ಬೇಡುವುದಕ್ಕಾಗಿ ಅವರು ಆ ಗುಡಿ ಕಟ್ಟಲಿಲ್ಲ. ಗುಡಿಗೆ ಬಂದವರಿಗೆ ಸೋಂಕು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ತಿಳಿಸುವುದು, ರೋಗಿಗಳನ್ನು ದೂರ ತಳ್ಳುವುದನ್ನು ನಿಲ್ಲಿಸುವುದು ಅವರ ಉದ್ದೇಶವಾಗಿತ್ತು. ಬೇವಿನ ಸೊಪ್ಪು ಕಟ್ಟಿದ ಬಾಗಿಲ ಹಿಂದೆ ರೋಗಿಯ ಮೈಗೆ ಸಿಗುತ್ತಿದ್ದ ಗೌರವವನ್ನು, ಪಾಪಿಗಳೆಂದು ಬೈಸಿಕೊಳ್ಳುತ್ತಿದ್ದ ಹೊಸ ರೋಗಿಗಳಿಗೂ ಕೊಡಿಸಲು ಅವರು ಹಳೆಯ ಅಮ್ಮನನ್ನೇ ನೆರವಿಗೆ ಕರೆದಿದ್ದರು. 2021ರಲ್ಲಿ ಕೋವಿಡ್ಡಿನ ಎರಡನೆಯ ಅಲೆ ಎದ್ದಾಗ ಚಾಮರಾಜನಗರ ಜಿಲ್ಲೆಯ ಮಧುವನಹಳ್ಳಿಯಲ್ಲಿ ಕೊರೊನಮ್ಮನಿಗೆ ಪೂಜೆ ಶುರುವಾಯಿತು. ಅದೇ ತಿಂಗಳುಗಳಲ್ಲಿ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಯ ಸರದಿಯೂ ನಡೆದಿತ್ತು.